ಆರ್‌ಸಿ ಟ್ರಕ್‌ನ ಡಿಫ್ ಪದೇ ಪದೇ ಹೋಗ್ತಿದೆಯಾ? ಶಿಮ್‌ನಿಂದ ಗೇರಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಆರ್‌ಸಿ, ಅಂದರೆ ರಿಮೋಟ್‌ನಲ್ಲಿ ಓಡಿಸುವ ಚಿಕ್ಕ ಗಾಡಿ ಇಟ್ಟುಕೊಂಡವರು ಕೊಡಗಿನ ಗೋಣಿಕೊಪ್ಪಲಿನಿಂದ ಬಂದರೂ ಸೋಮವಾರಪೇಟೆಯಿಂದ ಬಂದರೂ ದೂರು ಒಂದೇ: "ಕ್ರೌನ್ ಹಲ್ಲು ಹೋಯ್ತು, ಸ್ಟೀಲಿಂದು ತರಿಸಿ ಹಾಕಿದೆ, ಸ್ವಲ್ಪ ದಿನಕ್ಕೆ ಅದೂ ಹೋಯ್ತು." ಕ್ರೌನ್ ಅಂದರೆ ಡಿಫ್‌ಗೆ ಕೂರಿಸಿದ ದೊಡ್ಡ ಗೇರ್, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್. ಆಮೇಲೆ ದಪ್ಪ ಆಯಿಲ್ ಹಾಕಿ ನೋಡುತ್ತಾರೆ, ಅಲ್ಯೂಮಿನಿಯಂ ಹೌಸಿಂಗ್ ಹಾಕಿ ನೋಡುತ್ತಾರೆ, ಕೊನೆಗೆ ಮೋಟರನ್ನೇ ಬದಲಾಯಿಸುತ್ತಾರೆ. ಹಲ್ಲು ಮತ್ತೆ ಹೋಗುತ್ತದೆ. ಗಾಡಿ ಬಿಚ್ಚಿ ನೋಡಿದರೆ ಕಾಣುವುದು ಬಹುಪಾಲು ಒಂದೇ ಸಂಗತಿ: ಡಿಫ್ (ಡಿಫರೆನ್ಷಿಯಲ್, ಎಡಬಲದ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಬ್ಬಿ) ತನ್ನ ಹೌಸಿಂಗ್, ಅಂದರೆ ಹೊರಗಿನ ಗೂಡಿನ ಒಳಗೆ ಎಡಬಲಕ್ಕೆ ಅಲ್ಲಾಡುತ್ತಿರುತ್ತದೆ. ಆ ಪ್ಲೇ (ಸಡಿಲು) ತೆಗೆಯದೆ ಎಷ್ಟು ದುಡ್ಡು ಸುರಿದರೂ ಪ್ರಯೋಜನವಿಲ್ಲ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ: ಮೊದಲು ಶಿಮ್ (ಸಡಿಲು ತುಂಬುವ ತೆಳು ಲೋಹದ ಬಳೆ), ಆಮೇಲೆ ಆಯಿಲ್, ಆಮೇಲೆ ಗೇರಿಂಗ್ (ಮೋಟರ್‌ಗೂ ಚಕ್ರಕ್ಕೂ ನಡುವಿನ ಹಲ್ಲಿನ ಲೆಕ್ಕ), ಎಲ್ಲ ಸರಿಹೋದ ಮೇಲೆ ಅಪ್‌ಗ್ರೇಡ್. ಇಲ್ಲಿ ಹೇಳಿರುವುದು ಮುಖ್ಯವಾಗಿ ಮುಂದೆ, ನಡುವೆ, ಹಿಂದೆ ಹೀಗೆ ಮೂರು ಡಿಫ್ ಇರುವ, 1/8 ಅಳತೆಯ (ನಿಜವಾದ ಗಾಡಿಯ ಎಂಟನೇ ಒಂದು ಭಾಗದ) ಫೋರ್ ವೀಲ್ ಟ್ರಕ್‌ಗೆ. 1/10 ಗಾಡಿಗೂ ಕೆಲಸ ಇದೇ, ಅಳತೆ ಮಾತ್ರ ಚಿಕ್ಕದು. ನಿಧಾನಕ್ಕೆ ಕಲ್ಲು ಹತ್ತುವ ಕ್ರಾಲರ್‌ಗಳ ಲೆಕ್ಕ ಬೇರೆ, ಅದಕ್ಕೆ ಕೊನೆಯಲ್ಲಿ ಒಂದು ಭಾಗ ಇದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

1.5, 2 ಮತ್ತು 2.5 ಮಿ.ಮೀ. ಹೆಕ್ಸ್ ಡ್ರೈವರ್ ಒಳ್ಳೆಯದೇ ಇರಲಿ. ಗಾಡಿ ಜೊತೆ ಬರುವ ಎಲ್ ಆಕಾರದ ಅಲೆನ್ ಕೀ ಸವೆದು ಸ್ಕ್ರೂ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಆಮೇಲೆ ಡ್ರಿಲ್ ಹಾಕಿ ತೆಗೆಯುವ ಪಾಡು. ಚಕ್ರಕ್ಕೆ 17 ಮಿ.ಮೀ. ಸ್ಪ್ಯಾನರ್, ಒಂದು ಡಿಜಿಟಲ್ ವರ್ನಿಯರ್, 0.1 ಗ್ರಾಂವರೆಗೆ ತೋರಿಸುವ ಸಣ್ಣ ತೂಕದ ಯಂತ್ರ, ಮೋಟರ್ ಬಿಸಿ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು.

ಖರ್ಚಾಗುವ ಸಾಮಾನಿನಲ್ಲಿ 0.1 ಮತ್ತು 0.2 ಮಿ.ಮೀ. ಶಿಮ್‌ಗಳು ಎಲ್ಲಕ್ಕಿಂತ ಮುಖ್ಯ. ಡಿಫ್ ಬೇರಿಂಗ್ ಹಿಂದೆ ಕೂರುವ ಶಿಮ್ 1/8 ಗಾಡಿಗಳಲ್ಲಿ ಸಾಮಾನ್ಯವಾಗಿ 13×16 ಅಳತೆಯದು. ಆದರೂ ತರಿಸುವ ಮುಂಚೆ ನಿಮ್ಮ ಗಾಡಿಯ ಅಳತೆ ವರ್ನಿಯರ್‌ನಲ್ಲಿ ನೋಡಿಕೊಳ್ಳಿ. ಜೊತೆಗೆ ಡಿಫ್ ಗ್ಯಾಸ್ಕೆಟ್, ಓ-ರಿಂಗ್, ಸಿಲಿಕೋನ್ ಡಿಫ್ ಆಯಿಲ್, ಕ್ರೌನ್‌ಗೆ ಹಚ್ಚಲು ಅಂಟಂಟಾದ ಗ್ರೀಸ್, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಬೇಕು.

ನಮ್ಮ ಕಡೆ ಇವೆಲ್ಲ ಕೊರಿಯರ್‌ನಲ್ಲೇ ಬರಬೇಕು. ಜುಲೈ, ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಬರೆ (ಗುಡ್ಡದ ಅಂಚು) ಕುಸಿದು ರಸ್ತೆ ಬಂದ್ ಆದರೆ ಒಂದು ಗ್ಯಾಸ್ಕೆಟ್‌ಗೂ ವಾರಗಟ್ಟಲೆ ಕಾಯಬೇಕಾಗುತ್ತದೆ. ಮೂರು ಡಿಫ್‌ಗೂ ಸಾಕಾಗುವಷ್ಟು ಒಟ್ಟಿಗೇ ತರಿಸಿಡಿ. ಬೇರಿಂಗ್ ಮಾತ್ರ ಆರ್‌ಸಿ ಅಂಗಡಿಯಿಂದಲೇ ಆಗಬೇಕೆಂದಿಲ್ಲ. 8×16×5 ಅಂದರೆ 688, 5×11×4 ಅಂದರೆ ಎಂಆರ್115, 15×21×4 ಅಂದರೆ 6702. ಈ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯವರಿಗೆ ಗೊತ್ತಾಗುತ್ತದೆ. ನಂಬರ್ ಕೊನೆಯಲ್ಲಿ 2ಆರ್‌ಎಸ್ ಇರುವುದನ್ನೇ ಕೇಳಿ, ಅದು ರಬ್ಬರ್ ಸೀಲ್‌ನದು. ಝಡ್‌ಝಡ್ ಅಂತ ಇದ್ದರೆ ತಗಡಿನ ಮುಚ್ಚಳದ್ದು. ನಮ್ಮ ಕೆಸರಿಗೆ ಅದು ನಿಲ್ಲುವುದಿಲ್ಲ.

## ಹಂತ 1: ಬಿಚ್ಚುವ ಮುನ್ನ ರೋಗ ಪತ್ತೆ

ಗಾಡಿ ಬಿಚ್ಚಿದ ಮೇಲೆ ಕೆಲವು ಲಕ್ಷಣಗಳು ಕಳೆದುಹೋಗುತ್ತವೆ. ಆದ್ದರಿಂದ ಬ್ಯಾಟರಿ ತೆಗೆದಿಟ್ಟು ಮೊದಲು ಕೈಯಲ್ಲಿ ಪರೀಕ್ಷೆ ಮಾಡಿ.

ಹಿಂದಿನ ಎರಡೂ ಚಕ್ರ ನೆಲಕ್ಕೆ ಒತ್ತಿ, ಸ್ಪರ್ ಗೇರ್ (ಮೋಟರ್ ತಿರುಗಿಸುವ ದೊಡ್ಡ ಗೇರ್) ತಿರುಗದಂತೆ ಹಿಡಿದು, ಮುಂದಿನ ಒಂದು ಚಕ್ರ ತಿರುಗಿಸಿ. ಇನ್ನೊಂದು ಚಕ್ರ ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗಬೇಕು, ಕೈಗೆ ಸ್ವಲ್ಪ ಬಿಗಿ ಸಿಗಬೇಕು. ಯಾವ ಬಿಗಿಯೂ ಇಲ್ಲದೆ ಗಾಳಿಯಲ್ಲಿ ತಿರುಗಿದಂತೆ ತಿರುಗಿದರೆ ಆಯಿಲ್ ಸೋರಿಹೋಗಿದೆ. ಒಂದು ಕಡೆ ಹಗುರ, ಒಂದು ಕಡೆ ಗಟ್ಟಿ ಅಂತ ಅನಿಸಿದರೆ ಒಳಗಿನ ಸ್ಟಾರ್ ಗೇರ್ (ಡಿಫ್ ಮಧ್ಯದ ಚಿಕ್ಕ ಗೇರ್) ಹಲ್ಲು ಹೋಗಿದೆ, ಇಲ್ಲವೇ ಪಿನ್ ಬಾಗಿದೆ. ಹಿಂದಿನದಕ್ಕೂ ಹೀಗೇ, ಮುಂದಿನ ಚಕ್ರ ಒತ್ತಿ ಹಿಡಿದು ನೋಡಿ.

ಆಮೇಲೆ ಔಟ್‌ಡ್ರೈವ್ ಕಪ್ (ಚಕ್ರದ ಶಾಫ್ಟ್ ಕೂರುವ ಕಪ್) ಹಿಡಿದು ಎಡಬಲಕ್ಕೆ ಜಗ್ಗಿ. ಕಪ್ ಒಂದೇ ಅಲ್ಲಾಡಿದರೆ ಡಿಫ್ ಒಳಗಿನ ಶಿಮ್ ಸಾಲದು. ಕಪ್ ಜೊತೆ ಇಡೀ ಡಿಫ್ ಸರಿದರೆ ಹೌಸಿಂಗ್‌ನ ಶಿಮ್ ಸಾಲದು. ಇವೆರಡೂ ಬೇರೆ ಬೇರೆ ಕೆಲಸ, ಗೊಂದಲ ಮಾಡಿಕೊಳ್ಳಬೇಡಿ.

ಕಿವಿಗೂ ಕೆಲಸ ಕೊಡಿ. ನಿಧಾನಕ್ಕೆ ಓಡಿಸುವಾಗ ಚಕ್ರದ ಒಂದು ಸುತ್ತಿಗೆ ಒಂದು ಸಲ ಟಕ್ ಅಂದರೆ ಕ್ರೌನ್‌ನ ಹಲ್ಲು ಮುರಿದಿದೆ. ಒಂದು ಸುತ್ತಿಗೆ ನಾಲ್ಕೈದು ಸಲ ಬಂದರೆ ಡಿಫ್ ಪಿನಿಯನ್, ಇಲ್ಲವೇ ಸ್ಪರ್. ಇನ್ನೂ ವೇಗವಾಗಿ ಕಟಕಟ ಅಂದರೆ ಮೋಟರ್ ಪಿನಿಯನ್ (ಮೋಟರ್ ಶಾಫ್ಟ್‌ನ ಚಿಕ್ಕ ಗೇರ್) ನೋಡಿ. ಥ್ರಾಟಲ್ ಒತ್ತಿದಾಗ ಮಾತ್ರ ಸದ್ದು ಬಂದು, ಬಿಟ್ಟಾಗ ನಿಂತರೆ ಹಲ್ಲು ಇನ್ನೂ ಪೂರ್ತಿ ಹೋಗಿಲ್ಲ, ಮೇಲಿಂದ ಮೇಲೆ ಜಾರುತ್ತಿದೆ ಅಂತ ಅರ್ಥ. ಈಗಲೇ ನಿಲ್ಲಿಸಿದರೆ ಕ್ರೌನ್ ಉಳಿಯುತ್ತದೆ.

## ಹಂತ 2: ಬಿಚ್ಚುವುದು ಮತ್ತು ತೊಳೆಯುವುದು

ತೊಳೆದು ಒಣಗಿಸಿದ ಗಾಡಿಯನ್ನೇ ಬಿಚ್ಚಿ. ನಮ್ಮ ಕೆಂಪು ಮಣ್ಣು ಒಣಗಿದಾಗ ನಯವಾದ ಧೂಳು, ಗ್ರೀಸ್ ಜೊತೆ ಸೇರಿದರೆ ಹಲ್ಲು ಅರೆಯುವ ಪೇಸ್ಟ್. ಹೌಸಿಂಗ್ ತೆಗೆಯುವ ಹೊತ್ತಿಗೆ ಅದು ಬೇರಿಂಗ್ ಮೇಲೆ ಉದುರಬಾರದು.

ಡಿಫ್ ಹೊರತೆಗೆಯುವಾಗ ಕ್ರೌನ್ ಯಾವ ಕಡೆಗಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಎಡಗಡೆಯ ಶಿಮ್ ಎಡಕ್ಕೆ, ಬಲಗಡೆಯದು ಬಲಕ್ಕೆ ಬೇರೆ ಬೇರೆ ಬಟ್ಟಲಲ್ಲಿ ಇಡಿ. ಶಿಮ್ ಎಷ್ಟು ತೆಳುವೆಂದರೆ ಗ್ರೀಸ್ ಅಂಟಿಕೊಂಡು ಬೇರಿಂಗ್ ಬೆನ್ನಿಗೇ ಕೂತಿರುತ್ತದೆ. ಬೇರಿಂಗ್ ಒರೆಸುವಾಗ ಬಟ್ಟೆಯ ಜೊತೆ ಹೋಗಿಬಿಡುತ್ತದೆ. ಎಷ್ಟೋ ಗಾಡಿಗಳಲ್ಲಿ ಮೊದಲ ಸರ್ವಿಸ್ ಆದ ಮೇಲೆಯೇ ಕ್ರೌನ್ ಹೋಗಲು ಶುರುವಾಗುವುದು ಇದೇ ಕಾರಣಕ್ಕೆ.

ಸ್ಕ್ರೂ ಬರದಿದ್ದರೆ ಜೋರು ಮಾಡಬೇಡಿ. ಕಂಪನಿಯಲ್ಲಿ ಲಾಕ್‌ಟೈಟ್ ಹಾಕಿರುತ್ತಾರೆ. ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಹಿಡಿದರೆ ಮೆತ್ತಗಾಗಿ ಬಿಡುತ್ತದೆ. ಪ್ಲಾಸ್ಟಿಕ್ ಹತ್ತಿರವಿದ್ದರೆ ತುಸು ಹೊತ್ತು ಮಾತ್ರ.

ಡಿಫ್ ಮುಚ್ಚಳ ತೆಗೆದಾಗ ಆಯಿಲ್ ಬಣ್ಣ ನೋಡಿ. ಹೊಸ ಸಿಲಿಕೋನ್ ಆಯಿಲ್ ನೀರಿನಂತೆ ತಿಳಿಯಾಗಿರುತ್ತದೆ. ಸ್ವಲ್ಪ ಬೂದುಬಣ್ಣ ಸಹಜ. ಬಿಸಿಲಿಗೆ ಹಿಡಿದಾಗ ಅದರಲ್ಲಿ ಮಿಣಮಿಣ ಹೊಳೆಯುವ ಚೂರು ಕಂಡರೆ ಗೇರ್ ತಿನ್ನುತ್ತಿದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಓ-ರಿಂಗ್ ಬದಲಾಯಿಸಲೇಬೇಕು. ಎಲ್ಲ ಭಾಗವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒರೆಸಿ. ಸಿಲಿಕೋನ್ ಬೇಗ ಬಿಡುವುದಿಲ್ಲ, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಬೇಕು.

## ಹಂತ 3: ಡಿಫ್ ಒಳಗಿನ ಶಿಮ್

ಸೈಡ್ ಗೇರ್ (ಔಟ್‌ಡ್ರೈವ್‌ಗೆ ಸೇರಿದ ಗೇರ್) ಹಿಂದೆ ಓ-ರಿಂಗ್, ಅದರ ಮೇಲೆ ವಾಷರ್ ಇರುತ್ತದೆ. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಒಣ ಓ-ರಿಂಗ್ ಶಾಫ್ಟ್ ತಳ್ಳುವಾಗಲೇ ಸೀಳುತ್ತದೆ, ಆಮೇಲೆ ಸೋರಿಕೆ ಎಲ್ಲಿಂದ ಅಂತ ಹುಡುಕುತ್ತಾ ಕೂರಬೇಕು.

ಆಯಿಲ್ ಹಾಕದೆ ಡಿಫ್ ಪೂರ್ತಿ ಜೋಡಿಸಿ. ಔಟ್‌ಡ್ರೈವ್ ಕಪ್ ಒಳಹೊರಗೆ ಜಗ್ಗಿದಾಗ ಕೂದಲೆಳೆಯಷ್ಟು ಮಾತ್ರ ಅಲ್ಲಾಡಬೇಕು. ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ ಸೈಡ್ ಗೇರ್ ಹಿಂದೆ 0.1 ಶಿಮ್ ಸೇರಿಸಿ ಮತ್ತೆ ನೋಡಿ. ಕಪ್ ತಿರುಗಿಸುವಾಗ ಗರಗರ ಅಂದರೆ ಜಾಸ್ತಿ ಆಗಿದೆ, ಒಂದು ತೆಗೆಯಿರಿ. ಒಂದು ಕಡೆ ಹಾಕಿದಷ್ಟೇ ಇನ್ನೊಂದು ಕಡೆಗೂ ಹಾಕುವುದು ಒಳ್ಳೆಯದು, ಸ್ಟಾರ್ ಗೇರ್‌ಗಳು ಮಧ್ಯದಲ್ಲಿ ಕೂರುತ್ತವೆ.

## ಹಂತ 4: ಕ್ರೌನ್ ಪಿನಿಯನ್ ಕೂರಿಸುವುದು

ಇದೊಂದು ಹಂತ ಸರಿಯಾದರೆ ಬಂದ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ. ಒಂದು ಸಂಜೆ ಪೂರ್ತಿ ಹೋದರೂ ಪರವಾಗಿಲ್ಲ, ಅವಸರ ಬೇಡ.

ಹಲ್ಲು ಯಾಕೆ ಹೋಗುತ್ತದೆ ಅಂತ ಮೊದಲು ಅರ್ಥ ಮಾಡಿಕೊಳ್ಳಿ. ಪಿನಿಯನ್ ತಿರುಗುವಾಗ ಕ್ರೌನನ್ನು ಸುತ್ತಿಸುವುದಷ್ಟೇ ಅಲ್ಲ, ತನ್ನಿಂದ ಆಚೆಗೂ ತಳ್ಳುತ್ತದೆ. ಓರೆ ಹಲ್ಲಿನ ಗೇರ್‌ಗಳ ಸ್ವಭಾವವೇ ಅದು. ಹೌಸಿಂಗ್‌ನಲ್ಲಿ ಪ್ಲೇ ಇದ್ದರೆ ಥ್ರಾಟಲ್ ಕೊಟ್ಟಾಗ ಕ್ರೌನ್ ಆಚೆ ಸರಿದು, ಹಲ್ಲಿನ ತುದಿ ತುದಿ ಮಾತ್ರ ಹಿಡಿಯುತ್ತದೆ. ಇಡೀ ಟ್ರಕ್‌ನ ಭಾರ ಆ ತುದಿಯ ಮೇಲೆ ಬಿದ್ದರೆ ಸ್ಟೀಲ್ ಆದರೇನು, ಮುರಿಯಲೇಬೇಕು.

ಮೊದಲು ಎಡಬಲದ ಪ್ಲೇ. ಪಿನಿಯನ್ ಹೊರಗಿಟ್ಟು ಡಿಫ್ ಒಂದನ್ನೇ ಬೇರಿಂಗ್ ಸಮೇತ ಹೌಸಿಂಗ್‌ನಲ್ಲಿ ಕೂರಿಸಿ, ಮುಚ್ಚಳ ಹಾಕಿ ಸ್ಕ್ರೂ ಪೂರ್ತಿ ಬಿಗಿ ಮಾಡಿ. ಮುಚ್ಚಳ ಬಿಗಿಯದೆ ನೋಡಿದ ಲೆಕ್ಕ ಸುಳ್ಳು. ಔಟ್‌ಡ್ರೈವ್ ಎರಡೂ ಹಿಡಿದು ಎಡಬಲಕ್ಕೆ ತಳ್ಳಿ. ಪ್ಲೇ ಹೋಗುವವರೆಗೆ ಶಿಮ್ ಸೇರಿಸುತ್ತಾ ಬನ್ನಿ. ಡಿಫ್ ಇನ್ನೂ ಸರಾಗವಾಗಿ ತಿರುಗಬೇಕು. ಬೆರಳಲ್ಲಿ ಚಿಮ್ಮಿದರೆ ಒಂದು ಸುತ್ತಾದರೂ ಹೋಗದೆ ನಿಂತರೆ ಬೇರಿಂಗ್ ಮೇಲೆ ಒತ್ತಡ ಬಿದ್ದಿದೆ, 0.1 ಕಡಿಮೆ ಮಾಡಿ.

ಆಮೇಲೆ ಪಿನಿಯನ್‌ನ ಹಿಂದುಮುಂದಿನ ಪ್ಲೇ. ಪಿನಿಯನ್ ಶಾಫ್ಟ್ ಹಿಡಿದು ಜಗ್ಗಿ ತಳ್ಳಿ. ಅಲ್ಲಾಡಿದರೆ ಪಿನಿಯನ್ ಮತ್ತು ಬೇರಿಂಗ್ ನಡುವೆ ಶಿಮ್ ಹಾಕಿ. ಅಲ್ಲಿನ ಬೇರಿಂಗ್ ಸವೆದಿದ್ದರೆ ಶಿಮ್ ಹಾಕಿ ಉಪಯೋಗವಿಲ್ಲ, ಬೇರಿಂಗ್ ಬದಲಾಯಿಸಿ.

ಕೊನೆಗೆ ಎರಡರ ಹಿಡಿತ. ಪಿನಿಯನ್ ಹಾಕಿ ಮುಚ್ಚಿ, ಬಿಗಿ ಮಾಡಿ, ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ. ಕೈಗೆ ಸಣ್ಣದೊಂದು ಟಿಕ್ ಸಿಗುವಷ್ಟು ಪ್ಲೇ ಇರಬೇಕು. ಪ್ಲೇ ಜಾಸ್ತಿಯಾದರೆ ಕ್ರೌನ್‌ನ ಬೆನ್ನಿನ ಕಡೆ, ಅಂದರೆ ಹಲ್ಲಿಲ್ಲದ ಮುಖದ ಕಡೆ, ಬೇರಿಂಗ್ ಹತ್ತಿರ 0.1 ಶಿಮ್ ಸೇರಿಸಿ. ಎದುರು ಕಡೆಯಿಂದ ಅಷ್ಟೇ ತೆಗೆಯಿರಿ. ಆಗ ಕ್ರೌನ್ ಪಿನಿಯನ್ ಹತ್ತಿರಕ್ಕೆ ಸರಿಯುತ್ತದೆ, ಒಟ್ಟು ದಪ್ಪ ಬದಲಾಗುವುದಿಲ್ಲ. ಬಿಗಿಯಾದರೆ ಇದರ ಉಲ್ಟಾ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಒಂದು ಕಡೆ ಸೇರಿಸಿ ಇನ್ನೊಂದು ಕಡೆ ತೆಗೆಯದೇ ಇರುವುದು. ಮುಚ್ಚಳ ಬಿಗಿದ ಕೂಡಲೇ ಬೇರಿಂಗ್ ಹಿಸುಕಿದಂತಾಗುತ್ತದೆ.

ಒಂದು ಸುತ್ತಿನಲ್ಲಿ ಒಂದು ಜಾಗದಲ್ಲಿ ಮಾತ್ರ ಬಿಗಿ ಸಿಕ್ಕರೆ ಕ್ರೌನ್ ಸ್ಕ್ರೂಗಳು ಸಮವಾಗಿ ಕೂತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಮಡಚಿದೆ. ಶಿಮ್ ಬದಲಿಸಿ ಅದನ್ನು ಸರಿಮಾಡಲು ಹೋಗಬೇಡಿ. ಅತಿ ಬಿಗಿಯಾದ ಜಾಗಕ್ಕೆ ಹೊಂದಿಸಿದರೆ ಉಳಿದ ಕಡೆ ಸಡಿಲ ಉಳಿಯುತ್ತದೆ.

ಅನುಮಾನ ಉಳಿದರೆ ಮಾಂದಲ್‌ಪಟ್ಟಿ ಬೆಟ್ಟ ಹತ್ತುವ ಜೀಪುಗಳ ಡಿಫ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳನ್ನು ಕೇಳಿ ನೋಡಿ. ದೊಡ್ಡ ಗಾಡಿಯ ಕ್ರೌನ್ ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಎಲ್ಲಿ ಉಜ್ಜಿದೆ ಅಂತ ನೋಡುವುದು ಅವರಿಗೆ ಹಳೆಯ ಪಾಠ. ಇಲ್ಲೂ ಅದೇ ನಡೆಯುತ್ತದೆ. ಕ್ರೌನ್‌ನ ನಾಲ್ಕೈದು ಹಲ್ಲಿಗೆ ಮಾರ್ಕರ್ ಪೆನ್ನಿಂದ ಬಣ್ಣ ಬಳಿಯಿರಿ. ಒಣಗಿದ ಮೇಲೆ ಔಟ್‌ಡ್ರೈವ್‌ಗಳನ್ನು ತುಸು ಅದುಮಿ ಹಿಡಿದು ಪಿನಿಯನ್ ತಿರುಗಿಸಿ. ಬಣ್ಣ ಹಲ್ಲಿನ ನಡುಭಾಗದಲ್ಲಿ ಉಜ್ಜಿಹೋಗಿದ್ದರೆ ಸರಿ. ತುದಿಯಲ್ಲಿ ಮಾತ್ರ ಹೋಗಿದ್ದರೆ ಇನ್ನೂ ದೂರವಿದೆ, ಬುಡದಲ್ಲಿ ಮಾತ್ರ ಹೋಗಿದ್ದರೆ ತೀರಾ ಹತ್ತಿರವಾಗಿದೆ.

## ಹಂತ 5: ಆಯಿಲ್ ಆರಿಸುವುದು

ಡಿಫ್ ಆಯಿಲ್‌ನ ದಪ್ಪವನ್ನು ಸಿಎಸ್‌ಟಿ (ಸೆಂಟಿಸ್ಟೋಕ್) ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಶಾಕ್ ಆಯಿಲ್ ಬಾಟಲಿ ಮೇಲೆ ಇರುವ ಡಬ್ಲ್ಯುಟಿ (ವೇಟ್) ಬೇರೆ ಲೆಕ್ಕ. 30 ಡಬ್ಲ್ಯುಟಿ ಅಂದರೆ ಸುಮಾರು 350 ಸಿಎಸ್‌ಟಿ ಮಾತ್ರ. ಎರಡನ್ನೂ ಒಂದೇ ಅಂದುಕೊಂಡು ಶಾಕ್ ಆಯಿಲನ್ನು ಡಿಫ್‌ಗೆ ಸುರಿದವರು ಇದ್ದಾರೆ. ಜೀಪಿಗೆ ಹಾಕುವ 90 ನಂಬರ್ ಗೇರ್ ಆಯಿಲ್ ಕೂಡ ಬೇಡ. ಅದರ ದಪ್ಪ ಒಂದೆರಡು ನೂರು ಸಿಎಸ್‌ಟಿ ಅಷ್ಟೇ, ನಮಗೆ ಬೇಕಾಗಿರುವುದು ಸಾವಿರಗಳಲ್ಲಿ. ಜೊತೆಗೆ ಪೆಟ್ರೋಲಿಯಂ ಆಯಿಲ್ ಕೆಲವು ಓ-ರಿಂಗ್‌ಗಳನ್ನು ಊದಿಸಿ ಹಾಳು ಮಾಡುತ್ತದೆ.

ದಪ್ಪ ಆಯಿಲ್ ಅಂದರೆ ಎಡ ಮತ್ತು ಬಲ ಚಕ್ರ ಹೆಚ್ಚು ಒಟ್ಟಿಗೇ ತಿರುಗುತ್ತವೆ. ತೆಳು ಅಂದರೆ ಸುಲಭವಾಗಿ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಉಳಿದದ್ದೆಲ್ಲ ಇದರ ಪರಿಣಾಮ.

ಮುಂದೆ ದಪ್ಪ ಹಾಕಿದರೆ ಥ್ರಾಟಲ್ ಕೊಟ್ಟಾಗ ಗಾಡಿ ನೇರಕ್ಕೆ ಎಳೆಯುತ್ತದೆ, ಏರು ಹತ್ತುತ್ತದೆ, ಆದರೆ ತಿರುವಿನಲ್ಲಿ ಮೂತಿ ಹೊರಕ್ಕೆ ಹೋಗುತ್ತದೆ. ತೆಳು ಹಾಕಿದರೆ ತಿರುವಿಗೆ ಚೆನ್ನಾಗಿ ಹೊಕ್ಕುತ್ತದೆ. ಹಿಂದೆ ದಪ್ಪ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ತಳ್ಳುತ್ತವೆ, ಆದರೆ ಜಾರುವ ನೆಲದಲ್ಲಿ ಬಾಲ ಬೀಸುತ್ತದೆ. ತೆಳು ಹಾಕಿದರೆ ಬಾಲ ನಿಲ್ಲುತ್ತದೆ.

ನಡುವಿನ ಡಿಫ್ ಬಗ್ಗೆಯೇ ಹೆಚ್ಚು ತಪ್ಪಾಗುವುದು. ಅಲ್ಲಿ ಆಯಿಲ್ ತೆಳುವಾದರೆ ಥ್ರಾಟಲ್ ಒತ್ತಿದ ಕೂಡಲೇ ಮೂತಿ ಹಗುರವಾಗಿ ಶಕ್ತಿಯೆಲ್ಲ ಮುಂದಿನ ಚಕ್ರಕ್ಕೆ ಓಡಿಹೋಗುತ್ತದೆ. ಮುಂದಿನ ಟಯರ್ ಬಲೂನಿನಂತೆ ಉಬ್ಬುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮೋಟರ್‌ಗೆ ಬಲ ಇಲ್ಲ ಅಂತ ಇದನ್ನೇ ತಪ್ಪು ತಿಳಿದು ದೊಡ್ಡ ಮೋಟರ್ ತರಿಸುತ್ತಾರೆ. ಬೇಕಾಗಿರುವುದು ಒಂದು ಬಾಟಲಿ ಆಯಿಲ್.

ಶುರುಮಾಡಲು ಒಂದು ಲೆಕ್ಕ ಹೇಳುತ್ತೇನೆ. 1/8 ಮಾನ್‌ಸ್ಟರ್ ಟ್ರಕ್ ತೋಟದ ರಸ್ತೆ, ಬಾಣೆ (ಗದ್ದೆ ಪಕ್ಕದ ಗುಡ್ಡದ ಜಾಗ), ಗದ್ದೆ ಎಲ್ಲ ಕಡೆ ಓಡಬೇಕಾದರೆ ಮುಂದೆ 10,000, ನಡುವೆ 30,000ದಿಂದ 50,000, ಹಿಂದೆ 7,000. ಹದ ಮಾಡಿದ ಟ್ರ್ಯಾಕ್‌ನಲ್ಲಿ ಟ್ರಗ್ಗಿ (ರೇಸ್ ಟ್ರಕ್) ಓಡಿಸುವವರು 7,000, 7,000, 3,000 ಸುತ್ತಮುತ್ತ ಶುರುಮಾಡುತ್ತಾರೆ. 1/10 ಫೋರ್ ವೀಲ್ ಶಾರ್ಟ್ ಕೋರ್ಸ್ ಟ್ರಕ್‌ಗೆ ಮುಂದೆ 5,000, ಹಿಂದೆ 3,000 ಸಾಕು.

ಕೊಯ್ಲು ಮುಗಿದ ಗದ್ದೆ ಗಟ್ಟಿ, ಹಿಡಿತ ಚೆನ್ನಾಗಿರುತ್ತದೆ. ಮೇಲಿನ ಲೆಕ್ಕ ಅಲ್ಲಿಗೆ ಸರಿ. ಸಿಲ್ವರ್ ಓಕ್ ಎಲೆ ಉದುರಿದ ತೋಟದ ರಸ್ತೆ ಹಾಗಲ್ಲ. ಎಲೆಯ ಮೇಲೆ ಟಯರ್ ಜಾರುತ್ತದೆ, ಹಿಂದೆ 5,000ಕ್ಕೆ ಇಳಿಸಿದರೆ ಬಾಲ ನಿಲ್ಲುತ್ತದೆ. ಒಂದು ಸಲಕ್ಕೆ ಒಂದು ಡಿಫ್ ಮಾತ್ರ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಮಡಿಕೇರಿಯ ಬೆಳಗಿನ ಹೊತ್ತು ಆಯಿಲ್ ದಪ್ಪಗಾಗಿ ಗಾಡಿ ಬಿಗಿಬಿಗಿ ಅನಿಸುತ್ತದೆ. ಓಡಿ ಬಿಸಿಯಾದ ಮೇಲೆ ಮತ್ತೆ ತೆಳುವಾಗುತ್ತದೆ. ಆದ್ದರಿಂದ ಹ್ಯಾಂಡ್ಲಿಂಗ್ ಬಗ್ಗೆ ತೀರ್ಮಾನ ಮಾಡುವುದು ಗಾಡಿ ಸ್ವಲ್ಪ ಓಡಿದ ಮೇಲೆ.

## ಹಂತ 6: ತುಂಬಿಸಿ ಮುಚ್ಚುವುದು

ಅರ್ಧ ಸುರಿದು ಗೇರ್‌ಗಳನ್ನು ನಿಧಾನಕ್ಕೆ ತಿರುಗಿಸಿ, ಸ್ಟಾರ್ ಗೇರ್‌ಗಳ ಕೆಳಗೆ ಆಯಿಲ್ ಇಳಿಯಲಿ. ಆಮೇಲೆ ಸ್ಟಾರ್ ಗೇರ್‌ಗಳ ಅಡ್ಡ ಪಿನ್ ಮುಳುಗುವವರೆಗೆ ತುಂಬಿ. ಅಂಚಿನವರೆಗೆ ತುಂಬಿದರೆ ಬಿಸಿಗೆ ಹಿಗ್ಗಿದ ಆಯಿಲ್ ಓ-ರಿಂಗ್ ತಳ್ಳಿಕೊಂಡು ಹೊರಬರುತ್ತದೆ. ಅಂಚಿಗಿಂತ ಒಂದೆರಡು ಮಿ.ಮೀ. ಕೆಳಗೇ ನಿಲ್ಲಿಸಿ.

ದಪ್ಪ ಆಯಿಲ್‌ನಲ್ಲಿ ಗುಳ್ಳೆಗಳು ಸುಲಭಕ್ಕೆ ಮೇಲೆ ಬರುವುದಿಲ್ಲ. 50,000 ಆಯಿಲ್ ತುಂಬಿದ ಡಿಫ್ ಮೇಲೆ ಧೂಳು ಬೀಳದಂತೆ ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮಟ್ಟ ಇಳಿದಿರುತ್ತದೆ, ಅಷ್ಟು ಮತ್ತೆ ತುಂಬಿ. ಮುಚ್ಚುವ ಮುನ್ನ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಡಿಫ್ ತೂಗಿ ಗ್ರಾಂ ಬರೆದಿಡಿ. ಮುಂದಿನ ಸಲ ಅದೇ ತೂಕಕ್ಕೆ ತುಂಬಿದರೆ ಗಾಡಿಯ ನಡತೆ ಅದೇ ಇರುತ್ತದೆ. ಒಂದೆರಡು ವಾರ ಓಡಿಸಿ ತೂಗಿದಾಗ ಕಡಿಮೆಯಾಗಿದ್ದರೆ ಸೋರುತ್ತಿದೆ ಅಂತ ಬಿಚ್ಚದೆಯೇ ಗೊತ್ತಾಗುತ್ತದೆ.

ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದು. ಕ್ರೌನ್ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಡಿಫ್ ಕಪ್ (ಆಯಿಲ್ ತುಂಬುವ ಡಬ್ಬಿ) ಪ್ಲಾಸ್ಟಿಕ್‌ದಾದರೆ ಲಾಕ್‌ಟೈಟ್ ಹಾಕಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಲೋಹದ್ದಾದರೆ ಒಂದು ಹನಿ ಸಾಕು. ಕ್ರೌನ್‌ನ ಹಲ್ಲಿಗೆ ಗ್ರೀಸ್ ತೆಳುವಾಗಿ ಸವರಿ. ಹೌಸಿಂಗ್ ತುಂಬಾ ತುರುಕಿದರೆ ಅದೆಲ್ಲ ಎಸೆದು ಬೇರಿಂಗ್ ಕಡೆ ಹೋಗಿ ಮಣ್ಣು ಹಿಡಿಯುತ್ತದೆ.

ಗಾಡಿಗೆ ಜೋಡಿಸಿದ ಮೇಲೆ ನಾಲ್ಕೂ ಚಕ್ರ ಎತ್ತಿ, ಥ್ರಾಟಲ್ ಅತಿ ಕಡಿಮೆ ಕೊಟ್ಟು ನೋಡಿ. ನಾಲ್ಕೂ ಒಂದೇ ದಿಕ್ಕಿಗೆ ತಿರುಗಬೇಕು. ಒಂದು ಡಿಫ್ ಉಲ್ಟಾ ಕೂತರೆ ಮುಂದಿನ ಚಕ್ರ ಮುಂದಕ್ಕೆ, ಹಿಂದಿನದು ಹಿಂದಕ್ಕೆ ಹೋಗುತ್ತದೆ. ನೆಲಕ್ಕಿಟ್ಟು ಜೋರಾಗಿ ಒತ್ತಿದರೆ ಈವರೆಗೆ ಮಾಡಿದ ಕೆಲಸವೆಲ್ಲ ಅಲ್ಲೇ ಪುಡಿ.

## ಹಂತ 7: ಸ್ಪರ್, ಮೋಟರ್ ಪಿನಿಯನ್, ಸ್ಲಿಪ್ಪರ್

ಹಲ್ಲಿನ ಅಳತೆ ಸ್ಪರ್, ಮೋಟರ್ ಪಿನಿಯನ್ ಎರಡಕ್ಕೂ ಒಂದೇ ಇರಬೇಕು. 1/8 ಗಾಡಿಗಳಲ್ಲಿ ಸಾಮಾನ್ಯವಾಗಿ ಮಾಡ್ 1, 1/10ರಲ್ಲಿ 32 ಪಿಚ್ ಅಥವಾ 48 ಪಿಚ್. 32 ಪಿಚ್ ಮತ್ತು ಮಾಡ್ 0.8 ಹೊಂದಿಕೊಳ್ಳುತ್ತವೆ. ಮಾಡ್ 1ರ ಜೊತೆ 32 ಪಿಚ್ ಕೂರುವುದಿಲ್ಲ.

ಎರಡರ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು, ಮೋಟರ್ ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಕಾಗದ ಹರಿಯದೆ ಸುಕ್ಕು ಸುಕ್ಕಾಗಿ ಹೊರಬಂದರೆ ಸರಿ. ಸ್ಪರ್ ಅನ್ನು ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಕಡೆ ಹೀಗೇ ನೋಡಿ, ಯಾಕೆಂದರೆ ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ. ಮೋಟರ್ ಪಿನಿಯನ್‌ನ ಗ್ರಬ್ ಸ್ಕ್ರೂ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೇ ಕೂರಬೇಕು, ನೀಲಿ ಲಾಕ್‌ಟೈಟ್ ಸಮೇತ.

ನಡುವಿನ ಡಿಫ್ ಬದಲು ಸ್ಲಿಪ್ಪರ್ ಕ್ಲಚ್ (ಪೆಟ್ಟು ಬಿದ್ದಾಗ ಜಾರುವ ಕ್ಲಚ್) ಇರುವ ಗಾಡಿಯಾದರೆ ನಟ್ ಪೂರ್ತಿ ಬಿಗಿದು ಅರ್ಧ ಸುತ್ತು ಸಡಿಲಿಸಿ ಶುರುಮಾಡಿ. ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಅರ್ಧದಿಂದ ಒಂದು ಮೀಟರ್ ದೂರದವರೆಗೆ ಕ್ಲಚ್ ಜಾರುವ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಪ್ರತಿ ಜಿಗಿತದ ಪೆಟ್ಟೂ ನೇರ ಕ್ರೌನ್‌ಗೆ ಹೋಗುತ್ತದೆ. ಎರಡು ಮೂರು ಮೀಟರ್ ಜಾರಿದರೆ ಕ್ಲಚ್ ಪ್ಯಾಡ್ ಸುಡುತ್ತದೆ.

## ಹಂತ 8: ಗೇರಿಂಗ್ ಲೆಕ್ಕ

ಸ್ಪರ್ ಹಲ್ಲನ್ನು ಮೋಟರ್ ಪಿನಿಯನ್ ಹಲ್ಲಿನಿಂದ ಭಾಗಿಸಿ, ಬಂದದ್ದನ್ನು ಡಿಫ್‌ನ ಅನುಪಾತದಿಂದ ಗುಣಿಸಿ. ಸ್ಪರ್ 50, ಪಿನಿಯನ್ 15, ಡಿಫ್ 43ಕ್ಕೆ 10 (ಕ್ರೌನ್ 43 ಹಲ್ಲು, ಅದರ ಪಿನಿಯನ್ 10) ಅಂದರೆ 3.33×4.3, ಒಟ್ಟು 14.33. ಮೋಟರ್ 14.33 ಸುತ್ತಿದಾಗ ಚಕ್ರ ಒಂದು ಸುತ್ತು.

2050 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 2050 ಸುತ್ತು) ಮೋಟರ್, 4ಎಸ್ (ನಾಲ್ಕು ಸೆಲ್) ಬ್ಯಾಟರಿ, 14.8 ವೋಲ್ಟ್ ಅಂದರೆ ಮೋಟರ್ ನಿಮಿಷಕ್ಕೆ ಸುಮಾರು 30,340 ಸುತ್ತು. ಚಕ್ರ 2,117 ಸುತ್ತು. ಟಯರ್ ವ್ಯಾಸ 150 ಮಿ.ಮೀ. ಆದರೆ ಲೆಕ್ಕದ ಪ್ರಕಾರ ಗಂಟೆಗೆ 60 ಕಿ.ಮೀ. ಹತ್ತಿರ. ನೆಲದ ಮೇಲೆ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಪಿನಿಯನ್ 13ಕ್ಕೆ ಇಳಿಸಿದರೆ 52 ಕಿ.ಮೀ. ಆಸುಪಾಸು.

ಬಯಲಿನಲ್ಲಿ ಓಡಿಸುವವರ ಗೇರಿಂಗ್ ನೋಡಿ ಇಲ್ಲಿ ಹಾಕಬೇಡಿ. ನಮ್ಮಲ್ಲಿ ಸಮತಟ್ಟು ಅಂತ ಸಿಗುವುದೇ ಗದ್ದೆ ಮತ್ತು ಆಟದ ಮೈದಾನ, ಉಳಿದದ್ದೆಲ್ಲ ಏರಿಳಿತ. ತೋಟದ ಏರಿಗೆ ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಹಲ್ಲು ಕಡಿಮೆ ಪಿನಿಯನ್ ಹಾಕಿದರೆ ಮೋಟರ್ ತಣ್ಣಗಿರುತ್ತದೆ. ದೊಡ್ಡ ಟಯರ್ ಹಾಕಿದವರು ಇದನ್ನು ಮರೆಯುತ್ತಾರೆ: 150ರ ಬದಲು 170 ಮಿ.ಮೀ. ಟಯರ್ ಹಾಕುವುದೂ ಪಿನಿಯನ್ 15ರಿಂದ 17ಕ್ಕೆ ಏರಿಸುವುದೂ ಒಂದೇ. ಡ್ರೈವ್‌ಟ್ರೇನ್‌ಗೆ ಬೀಳುವ ಪೆಟ್ಟು ಇನ್ನೂ ಜಾಸ್ತಿ, ಟಯರ್ ತೂಕವೂ ಸೇರುತ್ತದಲ್ಲ.

ಗೇರಿಂಗ್ ಬದಲಿಸಿದ ಮೇಲೆ ಐದು ನಿಮಿಷ ಓಡಿಸಿ ಮೋಟರ್ ಮೈಯ ಬಿಸಿ ನೋಡಿ. 70 ಡಿಗ್ರಿ ಒಳಗಿದ್ದರೆ ಮುಂದುವರಿಸಿ. 80 ಮುಟ್ಟಿದರೆ ನಿಲ್ಲಿಸಿ, ಪಿನಿಯನ್ ಒಂದು ಹಲ್ಲು ಇಳಿಸಿ.

## ಹಂತ 9: ಅಪ್‌ಗ್ರೇಡ್ ಯಾವುದು ಮೊದಲು

ಇಷ್ಟು ಮಾಡಿದ ಮೇಲೆ ಗಾಡಿ ಓಡಿಸಿ ನೋಡಿ. ಅನೇಕ ಸಲ ಅಪ್‌ಗ್ರೇಡ್ ಬೇಕೇ ಆಗುವುದಿಲ್ಲ. ಬೇಕಾದರೆ ಈ ಕ್ರಮದಲ್ಲಿ ಹೋಗಿ.

ಮೊದಲು ರಬ್ಬರ್ ಸೀಲ್ ಬೇರಿಂಗ್. ಅಗ್ಗ, ಆದರೆ ಪ್ರಯೋಜನ ದೊಡ್ಡದು. ಆಮೇಲೆ ಡಿಫ್ ಕಪ್ ಮತ್ತು ಹೌಸಿಂಗ್. ಪ್ಲಾಸ್ಟಿಕ್ ಕಪ್ ಬಿಸಿಗೆ ಹಿಗ್ಗಿದಾಗ ಸ್ಟಾರ್ ಗೇರ್ ಪಿನ್‌ಗಳು ಸರಿಯುತ್ತವೆ, ಲೋಹದ ಕಪ್‌ನಲ್ಲಿ ಸರಿಯುವುದಿಲ್ಲ. ಅಲ್ಯೂಮಿನಿಯಂ ಹೌಸಿಂಗ್ ತೆಗೆದುಕೊಳ್ಳುವಾಗ ಮಾತ್ರ ಯೋಚಿಸಿ. ಪ್ಲಾಸ್ಟಿಕ್ ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಬಾಗಿಯೇ ಇರುತ್ತದೆ, ಬೇರಿಂಗ್ ಗೂಡು ಓರೆಯಾಗುತ್ತದೆ. ಹೊಸ ಹೌಸಿಂಗ್ ಹಾಕಿದ ಕೂಡಲೇ ನಾಲ್ಕನೇ ಹಂತ ಮೊದಲಿಂದ ಮಾಡಬೇಕು, ಹಳೇ ಶಿಮ್ ಲೆಕ್ಕ ನಡೆಯುವುದಿಲ್ಲ.

ಮೂರನೆಯದು ಗಟ್ಟಿ ಸ್ಟೀಲ್‌ನ ಕ್ರೌನ್ ಪಿನಿಯನ್, ಎರಡೂ ಜೋಡಿಯಾಗಿ. ಸವೆದ ಪಿನಿಯನ್ ಜೊತೆ ಹೊಸ ಕ್ರೌನ್ ಹಾಕಿದರೆ ಹೊಸದೂ ಹಳೆಯದರ ಆಕಾರಕ್ಕೆ ಸವೆಯುತ್ತದೆ. ನಾಲ್ಕನೆಯದು ಮುಂದಿನ ಚಕ್ರಕ್ಕೆ ಸಿವಿಡಿ ಶಾಫ್ಟ್ (ಮಡಚುವ ಗಂಟಿರುವ ಶಾಫ್ಟ್). ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಡಾಗ್‌ಬೋನ್ (ಎರಡೂ ತುದಿಗೆ ಪಿನ್ ಇರುವ ಸಾದಾ ಶಾಫ್ಟ್) ಕಪ್‌ನಿಂದ ಜಿಗಿಯುತ್ತದೆ, ಕಂಪಿಸುತ್ತದೆ. ಸಿವಿಡಿಗೆ ಆ ತೊಂದರೆ ಕಡಿಮೆ. ಹಿಂದೆ ಡಾಗ್‌ಬೋನ್ ಇದ್ದರೂ ನಡೆಯುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಒಂದು ಭಾಗ ಗಟ್ಟಿ ಮಾಡಿದರೆ ಪೆಟ್ಟು ಮಾಯವಾಗುವುದಿಲ್ಲ, ಅದರ ಪಕ್ಕದ ಭಾಗಕ್ಕೆ ಹೋಗುತ್ತದೆ. ಶಾಫ್ಟ್ ಗಟ್ಟಿಯಾದರೆ ಔಟ್‌ಡ್ರೈವ್ ಕಪ್ ಮುರಿಯುತ್ತದೆ, ಕಪ್ ಗಟ್ಟಿಯಾದರೆ ಸ್ಟಾರ್ ಗೇರ್. ಬಿಚ್ಚಲು ಸುಲಭವಾದ, ಕಡಿಮೆ ಬೆಲೆಯ ಒಂದು ಭಾಗವನ್ನು ಬೇಕೆಂದೇ ಮೂಲದಲ್ಲಿದ್ದಂತೆ ಬಿಡಿ. ನನ್ನ ಆಯ್ಕೆ ಹಿಂದಿನ ಡಾಗ್‌ಬೋನ್. ಅದು ಮುರಿದರೆ ತೋಟದಲ್ಲೇ ಕೂತು ಬದಲಿಸಬಹುದು. ಮೋಟರ್ ಅಪ್‌ಗ್ರೇಡ್ ಎಲ್ಲಕ್ಕಿಂತ ಕೊನೆಗೆ.

## ಕ್ರಾಲರ್ ಇದ್ದವರಿಗೆ

ಕಲ್ಲು ಹತ್ತುವ ಕ್ರಾಲರ್‌ಗಳಲ್ಲಿ ಮುಂದೆ ಹಿಂದೆ ಎರಡೂ ಲಾಕ್ ಆಗಿರುವುದೇ ವಾಡಿಕೆ, ಆಯಿಲ್ ಪ್ರಶ್ನೆಯೇ ಇಲ್ಲ. ಟ್ರಾಕ್ಸಸ್ ಟಿಆರ್‌ಎಕ್ಸ್-4ನಂಥ ಗಾಡಿಯಲ್ಲಿ ರಿಮೋಟ್‌ನಿಂದಲೇ ಲಾಕ್ ಹಾಕಿ ತೆಗೆಯಬಹುದು. ಇವುಗಳಿಗೆ ಒಳ್ಳೆಯ ಅಪ್‌ಗ್ರೇಡ್ ಅಂದರೆ ಓವರ್‌ಡ್ರೈವ್ ಗೇರ್. ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ವೇಗವಾಗಿ ತಿರುಗಿ ಗಾಡಿಯನ್ನು ಎಳೆಯುತ್ತದೆ, ಕಡಿದಾದ ಬರೆ ಹತ್ತುವಾಗ ಮಗುಚುವುದು ಕಡಿಮೆ. ಈ ಲಾಕ್ ಮಾಡುವ ಉಪಾಯವನ್ನು ವೇಗದ ಟ್ರಕ್‌ಗೆ ತರಬೇಡಿ. ಡಿಫ್‌ಗೆ ಎಂ-ಸೀಲ್ ತುಂಬಿ ಲಾಕ್ ಮಾಡಿದ ವೇಗದ ಟ್ರಕ್ ಹಿಡಿತ ಇರುವ ನೆಲದಲ್ಲಿ ತಿರುಗಿದಾಗ ಶಾಫ್ಟ್ ತಿರುಚಿಹೋಗುತ್ತದೆ.

## ಮೊದಲ ಓಟ ಮತ್ತು ಮಳೆಗಾಲ

ಹೊಸ ಕ್ರೌನ್ ಹಾಕಿದ ಮೇಲೆ ಮೊದಲ ಬ್ಯಾಟರಿ ಪೂರ್ತಿ ಅರ್ಧ ಥ್ರಾಟಲ್‌ನಲ್ಲೇ ಓಡಲಿ, ಜಿಗಿತ ಬೇಡ. ಮುಗಿದ ಮೇಲೆ ಹಂತ 1ರ ಪರೀಕ್ಷೆಗಳನ್ನು ಮತ್ತೆ ಮಾಡಿ. ಬೇರಿಂಗ್ ಗೂಡಿನಲ್ಲಿ ಕೂತು ಹೊಸ ಪ್ಲೇ ಬಂದಿದ್ದರೆ 0.1 ಶಿಮ್ ಈಗಲೇ ಸೇರಿಸಿ. ಜಿಗಿಯುವಾಗ ಇನ್ನೊಂದು ಗಮನವಿರಲಿ: ಗಾಳಿಯಲ್ಲಿ ಥ್ರಾಟಲ್ ಒತ್ತಿ ಹಿಡಿದು ಚಕ್ರ ಜೋರಾಗಿ ಸುತ್ತುತ್ತಿರುವಾಗಲೇ ನೆಲಕ್ಕಿಳಿದರೆ ಆ ಪೆಟ್ಟನ್ನು ಯಾವ ಕ್ರೌನೂ ಬಹಳ ದಿನ ತಾಳುವುದಿಲ್ಲ. ಇಳಿಯುವ ಮುನ್ನ ಬಿಡಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ರಸ್ತೆಯಲ್ಲಿ ಕೆಲಸದವರೂ ಟ್ರ್ಯಾಕ್ಟರೂ ಓಡಾಡುತ್ತಿರುತ್ತಾರೆ. ಐದಾರು ಕಿಲೋ ಟ್ರಕ್ ಗಂಟೆಗೆ 50 ಕಿ.ಮೀ.ನಲ್ಲಿ ಕಾಲಿಗೆ ಬಡಿದರೆ ಮೂಳೆ ಮುರಿಯುತ್ತದೆ. ಆಗ ಗದ್ದೆಗೆ ಹೋಗಿ. ಕಾಫಿ ಒಣಹಾಕಿದ ಕಣದ ಹತ್ತಿರವಂತೂ ಬೇಡವೇ ಬೇಡ.

ಮಳೆಯಲ್ಲಿ ಓಡಿಸಿದ ದಿನ ಗಾಡಿ ಒಣಗಿಸದೆ ಮಲಗಬೇಡಿ. ಮಣ್ಣು ಹಸಿಯಿರುವಾಗಲೇ ಬ್ರಶ್‌ನಲ್ಲಿ ತೆಗೆದು, ಬ್ಲೋವರ್‌ನಲ್ಲಿ ಗಾಳಿ ಹಾಯಿಸಿ, ಚಕ್ರ ತೆಗೆದು ಬೇರಿಂಗ್‌ಗಳಿಗೆ ಒಂದೊಂದು ಹನಿ ತೆಳು ಆಯಿಲ್ ಹಾಕಿ. ಡಬ್ಲ್ಯುಡಿ-40 ನೀರನ್ನು ಓಡಿಸುತ್ತದೆ ಅಷ್ಟೇ, ಅದನ್ನೇ ಆಯಿಲ್ ಅಂದುಕೊಂಡು ಬಿಟ್ಟರೆ ಬೇರಿಂಗ್ ಒಣಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸುವವರು ತಿಂಗಳಿಗೊಮ್ಮೆ ಹೌಸಿಂಗ್ ತೆಗೆದು ಕ್ರೌನ್‌ನ ಗ್ರೀಸ್ ನೋಡಿ. ಕೆಂಪಗಾಗಿದ್ದರೆ ಮಣ್ಣು ಸೇರಿದೆ, ಪೂರ್ತಿ ಒರೆಸಿ ಹೊಸದು ಹಚ್ಚಿ. ಕಪ್ಪಗೆ ನಯವಾಗಿದ್ದರೆ ಹಾಗೇ ಮುಚ್ಚಿ, ಶಿಮ್‌ಗಳು ಬೇರಿಂಗ್ ಬೆನ್ನಿಗೇ ಇವೆಯಾ ಅಂತ ಎಣಿಸಿಕೊಂಡು.